ಹಳೇ ಗೊಂಬೆಯನ್ನು ಹೊಸದು ಮಾಡಿದ ವಿಷಯವಾಗಿ ಒಂದು ವಿಚಾರ



ಉಪದೇಶಿಯಾದವನು ಗೊಂಬೆಯ ವಿಷಯವಾಗಿ ಬರೆಯುವದನ್ನು ಕಂಡು ನಿಮ್ಮಲ್ಲಿ ಕೆಲವರು ನಗಬಹುದು. ಆದರೂ ಕಳೆದ ವರುಷ ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ಒಂದು ಹಳೇ ಗೊಂಬೆಯ ನಿಮಿತ್ತ ನಮ್ಮ ಮನೆಯಲ್ಲಿ ನಡೆದ ಸಂಗತಿಯು ನನ್ನನ್ನು ಅನೇಕ ತಿಂಗಳು ಕಾಡಿತು. ಒಳ್ಳೇ ಮನಸ್ಸಿನಿಂದ ಮಾಡಿದ ಕೆಲಸವು ತಪ್ಪಾಗಬಹುದೋ, ತಪ್ಪಾದ ಪಕ್ಷದಲ್ಲಿ ಆ ಮೇಲೆ ಸಿಕ್ಕಿದ ಒಳ್ಳೇ ಕಾರಣವೊಂದು ಆ ತಪ್ಪನ್ನು ಅಳಿಸುವದೋ ಎಂಬ ಪ್ರಶ್ನೆಗೆ ನಾನು ಸಭೆಯಲ್ಲಿ ಅನೇಕ ಸಾರಿ ಸುಲಭವಾಗಿ ಉತ್ತರ ಹೇಳಿದವನು. ಈಗ ಹಾಗೆ ಹೇಳಲಾರೆನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವೂ ವಿಚಾರಿಸಿ ನೋಡಿರಿ.

ಆ ಗೊಂಬೆಯು ಕಿನ್ನಾಳದ್ದು. ನನ್ನ ತಾಯಿಯ ತಂದೆಯವರು ಕೆಲಸದ ನಿಮಿತ್ತ ಕೊಪ್ಪಳದ ಕಡೆಗೆ ಹೋಗಿದ್ದಾಗ, 1962 ನೇ ಇಸವಿಯ ಸುಮಾರಿನಲ್ಲಿ, ಏಳು ವರುಷದ ಮಗಳಿಗೋಸ್ಕರ ಅದನ್ನು ಕೊಂಡು ತಂದರು. ಕೊಪ್ಪಳವು ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ಒಂದು ಗೇಣಿಗಿಂತ ಸ್ವಲ್ಪ ಎತ್ತರವಾದ ಹೆಂಗಸಿನ ಗೊಂಬೆ. ಹಸುರು ಸೀರೆ, ಕೆಂಪು ಕುಪ್ಪಸ, ಎಡಗಡೆಯ ಕಂಕುಳಲ್ಲಿ ಒಂದು ಕೊಡ, ಬಲಗೈ ಇಳಿಬಿಟ್ಟದ್ದು.

ಕಿನ್ನಾಳದ ಗೊಂಬೆಯನ್ನು ಮಾಡುವ ಕ್ರಮವನ್ನು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ತಿಳಿಯುವದಿಲ್ಲ. ಕೊಪ್ಪಳಕ್ಕೆ ಹತ್ತಿರವಾದ ಆ ಗ್ರಾಮದಲ್ಲಿ ಚಿತ್ರಗಾರರೆಂಬ ಮನೆತನದವರು ತಲತಲಾಂತರದಿಂದ ಈ ಕಸುಬನ್ನು ನಡಿಸುತ್ತಾ ಬಂದಿದ್ದಾರೆ. ಹಂಪೆಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಎಂದು ಹೇಳಿಕೆಯುಂಟು. ಹಗುರವಾದ ಮರವನ್ನು ಕೆತ್ತಿ, ಕೈಕಾಲುಗಳನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುವರು. ಗೋಣಿಯ ಚಿಂದಿಯನ್ನು ನೆನಸಿ, ತುಂಡು ಮಾಡಿ, ಒಣಗಿಸಿ, ಪುಡಿಮಾಡಿ, ಗರಗಸದ ಪುಡಿಯನ್ನೂ ಹುಣಸೆ ಬೀಜದ ಅಂಟನ್ನೂ ಕೂಡಿಸಿ ಕಲಸುವರು. ಈ ಮುದ್ದೆಗೆ ಕಿಟ್ಟವೆಂದು ಹೆಸರು. ಕಿಟ್ಟವನ್ನು ಮೈಯೆಲ್ಲಾ ಬಳಿದು, ಮೇಲೆ ಹತ್ತೀ ಬಟ್ಟೆಯ ಚೂರುಗಳನ್ನು ಅದೇ ಹುಣಸೆ ಅಂಟಿನಿಂದ ಹಚ್ಚಿ, ಅದರ ಮೇಲೆ ಕಲ್ಲಿನ ನುಣುಪಾದ ಪುಡಿಯ ಲೇಪ ಕೊಟ್ಟು, ಕಡೆಗೆ ಬಣ್ಣ ಬರೆಯುವರು. ಹೀಗಿರಲಾಗಿ ಈ ಗೊಂಬೆಗೆ ಮರದ ಮೇಲೆ ಮೂರು ನಾಲ್ಕು ಪದರಗಳಿರುತ್ತವೆ, ಮತ್ತು ಅವುಗಳನ್ನೆಲ್ಲಾ ಹಿಡಿದಿರುವದು ಹುಣಸೆ ಬೀಜವೇ. ನೀರು ಬಿದ್ದರೆ ಆ ಅಂಟು ಸಡಲುವದು. ಚನ್ನಪಟ್ಟಣದ ಆಟಿಗೆಯಾದರೋ ಬೇರೆ ಜಾತಿಯದು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಲು, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವದು. ಮನೆಯಲ್ಲಿ ಹಳೇ ಗೊಂಬೆಯನ್ನು ಸರಿಪಡಿಸಬೇಕೆನ್ನುವವನು ಮೊದಲು ಅದು ಯಾವ ಊರಿನದೆಂದು ಕೇಳತಕ್ಕದ್ದು. ನಾನು ಕೇಳಲಿಲ್ಲ. ಮೇಲೆ ಬರೆದದ್ದನ್ನೆಲ್ಲಾ ಕೆಲಸ ಕೆಟ್ಟ ಮೇಲೆ ತಿಳುಕೊಂಡೆನು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಮ್ಮ ಸಭೆಯ ಹಿರಿಯರೊಬ್ಬರು ಆ ಗೊಂಬೆಯನ್ನು ನೋಡಿ, ಉಪದೇಶಿಯ ಮನೆಯಲ್ಲಿ ಪ್ರತಿಮೆಯು ಯಾಕೆ, ಎರಡನೇ ಆಜ್ಞೆಯನ್ನು ಮಕ್ಕಳಿಗೆ ಕಲಿಸುವವರು ನೀವೇ ಅಲ್ಲವೋ ಎಂದು ಕೇಳಿದರು. ಅವರ ಪ್ರಶ್ನೆ ಹುಡುಗಾಟದ್ದಲ್ಲ. ಅದೇ ಮರದಿಂದ ಅರ್ಧವನ್ನು ಒಲೆಗೆ ಹಾಕಿ ಉಳಿದರ್ಧಕ್ಕೆ ಅಡ್ಡಬೀಳುವ ಬಡಗಿಯ ಸಂಗತಿಯನ್ನು ಯೆಶಾಯನು ಬರೆದದ್ದನ್ನು ನಾವೆಲ್ಲರೂ ಓದಿದ್ದೇವೆ. ಕಿನ್ನಾಳದ ಒಂದೇ ಅಂಗಳದಲ್ಲಿ ದೇವತೆಗಳೂ ಆಟಿಗೆಗಳೂ ಕೂಡಿಯೇ ಒಣಗುತ್ತವೆ. ಹಾಗಾದರೆ ಭೇದವೆಲ್ಲಿ? ನನಗೆ ತೋರುವದೇನಂದರೆ, ಮುರಿದಾಗ ಭೇದವು ತಿಳಿಯುವದು. ನಮ್ಮ ಸೀಮೆಯ ನೆರೆಯವರನ್ನು ನೋಡಿರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವರು, ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡುವರು, ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವರು. ದಿವಸಗಳು ತೀರಿದ ಕೂಡಲೇ ಎಲ್ಲವನ್ನೂ ಬಿಟ್ಟುಬಿಡುವರು. ಗೌರೀ ಹುಣ್ಣಿಮೆಯ ಸಕ್ಕರೆ ಆರತಿಯನ್ನು ಮಕ್ಕಳು ತಿಂದೇ ಬಿಡುವರು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲವೆಂಬದು ಅವರಲ್ಲಿ ಕಟ್ಟಳೆ. ಅದನ್ನು ಮರದ ಬುಡದಲ್ಲಿಯೋ ಕೆರೆಯಲ್ಲಿಯೋ ಇಟ್ಟು ಬರುವರು. ಆದರೆ ಕೈ ಮುರಿದ ಗೊಂಬೆಯನ್ನು ಯಾವ ಹುಡುಗಿಯೂ ಕೆರೆಗೆ ಹಾಕಿ ಬರುವದಿಲ್ಲ. ಅದಕ್ಕೆ ಚಿಂದಿ ಸುತ್ತಿ, ನೋವು ಆಯಿತೋ ಎಂದು ಕೇಳಿ, ಮೊದಲಿಗಿಂತ ಹೆಚ್ಚಾಗಿ ಎತ್ತಿಕೊಳ್ಳುವಳು. ಆದದರಿಂದ ನಾನು ಹಿರಿಯರಿಗೆ, ಅಯ್ಯಾ, ಇದು ಮುರಿದು ನಲವತ್ತು ವರುಷಗಳ ಮೇಲಾಯಿತು, ನನ್ನ ತಾಯಿಯು ಅದನ್ನು ಇನ್ನೂ ಬಿಟ್ಟಿಲ್ಲ, ಆದರೂ ಒಂದು ದಿವಸವಾದರೂ ಅದರಿಂದ ಏನೂ ಬೇಡಿಕೊಂಡದ್ದಿಲ್ಲ ಎಂದೆನು. ಅವರು ತಲೆದೂಗಿದರು, ಪೂರಾ ಒಪ್ಪಿದರೋ ಇಲ್ಲವೋ ಹೇಳಲಾರೆನು.

ಆ ಕೈ ಮುರಿದ ಸಂಗತಿಯು ಹೀಗೆ. ನನ್ನ ತಾಯಿಯು ಮದುವೆಯಾಗಿ ಹಾನಗಲ್ಲ ತಾಲೂಕಿಗೆ ಬಂದಾಗ ಗೊಂಬೆಯನ್ನು ತನ್ನ ಪೆಟ್ಟಿಗೆಯಲ್ಲಿ ತಂದಳು. 1978 ರಲ್ಲಿ ಹುಟ್ಟಿದ ಮೊದಲನೇ ಮಗಳಿಗೆ ಅದನ್ನು ಕೊಟ್ಟಳು. ಆ ನನ್ನ ಅಕ್ಕನು 1984 ನೇ ಇಸವಿಯ ಬೇಸಿಗೆಯಲ್ಲಿ, ನಮ್ಮ ಜನರು ಗೊಬ್ಬರವೆನ್ನುವ ದಡಾರದ ರೋಗದಿಂದ ಆರನೇ ವರುಷದಲ್ಲಿ ತೀರಿಹೋದಳು. ದಡಾರದ ಲಸಿಕೆಯು ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯದಲ್ಲಿ ಸೇರಿದ್ದು 1985 ರಲ್ಲಿ. ನಾನು ಹುಟ್ಟಿದ್ದೂ ಅದೇ ವರುಷದಲ್ಲಿ. ಆಕೆಯನ್ನು ನಾನು ನೋಡಲೇ ಇಲ್ಲ. ಆಕೆಯದೊಂದು ಛಾಯಾಚಿತ್ರವೂ ಇಲ್ಲ, ಯಾಕಂದರೆ ಆ ದಿವಸಗಳಲ್ಲಿ ನಮ್ಮಂಥವರ ಮನೆಯಲ್ಲಿ ಮದುವೆಗೆ ಹೊರತು ಚಿತ್ರ ತೆಗಿಸುವ ಪದ್ಧತಿ ಇರಲಿಲ್ಲ. ಗೊಂಬೆಯ ಬಲಗೈಯು ಆಕೆಯಿಂದಲೇ ಬಾವಿಯ ಕಟ್ಟೆಯ ಮೇಲೆ ಬಿದ್ದು ಕಿತ್ತಿತ್ತು. ಕಿತ್ತ ಕೈಯನ್ನು ತಾಯಿಯು ಒಂದು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಳು. ಇದಲ್ಲದೆ ಗೊಂಬೆಯ ಎಡಕೆನ್ನೆಯ ಮೇಲೆ ಎಂಟಾಣೆ ನಾಣ್ಯದಷ್ಟು ಅಗಲವಾಗಿ ಬಣ್ಣ ಹೋಗಿ, ಲೇಪ ಹೋಗಿ, ಬಟ್ಟೆಯ ಎಳೆಯೂ ಹೋಗಿ, ಮರವೇ ಕಾಣುತ್ತಿತ್ತು. ಅದು ಹಳೇದಾದದರಿಂದ ಆದ ಸವೆತವೆಂದು ನಾನು ಎಣಿಸಿದೆನು.

ಕಳೆದ ನವೆಂಬರಿನಲ್ಲಿ ತಾಯಿಯು ನನ್ನ ತಮ್ಮನ ಮನೆಗೆ ಹಿರೇಕೆರೂರಿಗೆ ಹೋಗಿ ಮೂರು ವಾರ ಇದ್ದಳು. ನಮ್ಮ ಐದು ವರುಷದ ಮಗಳು ಬಹು ದಿವಸದಿಂದ ಆ ಗೊಂಬೆಯನ್ನು ಕೇಳುತ್ತಿದ್ದಳು. ಹಬ್ಬಕ್ಕೆ ಅದನ್ನು ಹೊಸದು ಮಾಡಿ ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ಸಂತೋಷ ಕೊಡಬೇಕೆಂದು ಯೋಚಿಸಿದೆನು. ಈ ಯೋಚನೆಯಲ್ಲಿ ಕೆಟ್ಟದ್ದು ಏನಿತ್ತೆಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಶಿಗ್ಗಾಂವದ ಅಂಗಡಿಯಿಂದ ಎಣ್ಣೇ ಬಣ್ಣದ ಸಣ್ಣ ಡಬ್ಬಿಗಳನ್ನೂ, ಬಿರುಕು ತುಂಬುವ ಪುಟ್ಟಿಯನ್ನೂ, ಮರ ಉಜ್ಜುವ ಕಾಗದವನ್ನೂ ತಂದು, ಜಗಲಿಯ ಮೇಲೆ ಕೂತು, ಮುಖವನ್ನೆಲ್ಲಾ ಉಜ್ಜಿದೆನು. ಹಳೇ ಬಣ್ಣವು ಧೂಳಾಗಿ ಹಾರಿತು. ಕೆನ್ನೆಯ ತಗ್ಗಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ ಉಜ್ಜಿ, ಎರಡು ಸಾರಿ ಬಣ್ಣ ಕೊಟ್ಟು, ಹುಬ್ಬು ಕಣ್ಣುಗಳನ್ನು ಸಣ್ಣ ಕುಂಚದಿಂದ ಬರೆದೆನು. ಕಿನ್ನಾಳದವರ ಕೈ ನನಗೆಲ್ಲಿಂದ ಬರಬೇಕು? ಆ ಕಣ್ಣುಗಳು ಬೆದರಿದವರ ಕಣ್ಣುಗಳ ಹಾಗೆ ಆದವು. ಕೈಯನ್ನು ಮೊಳೆಯಿಂದ ಜಡಿಯಲು ಹೋದಾಗ ಮರವು ಸೀಳುವ ಹಾಗೆ ಕಂಡದರಿಂದ ಅದನ್ನು ಬಿಟ್ಟು, ಮೊದಲಿನ ಬಟ್ಟೆಯಲ್ಲಿಯೇ ಕಟ್ಟಿ ಇಟ್ಟೆನು. ಕೆಲಸವು ಒಳ್ಳೇದಾಯಿತೆಂದು ನನ್ನ ಹೆಂಡತಿಯೂ ಹೇಳಿದಳು. ಆದರೆ ಅತ್ತೆಯವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು ಎಂದೂ ಹೇಳಿದಳು. ನಾನು ಆ ಎರಡನೇ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಾಯಿಯು ಬಂದು ಗೊಂಬೆಯನ್ನು ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ತನ್ನ ಹೆಬ್ಬೆರಳನ್ನು ಆ ಕೆನ್ನೆಯ ಮೇಲೆ ಇಟ್ಟು ಹುಡುಕುವವಳ ಹಾಗೆ ಮೆಲ್ಲಗೆ ಸವರಿದಳು. ಆ ಮೇಲೆ ಹೀಗಂದಳು: ತಮ್ಮಾ, ಚೆನ್ನಾಗಿ ಮಾಡಿದ್ದೀ. ನಿನ್ನ ಅಕ್ಕನು ದಿನಾ ಮುಂಜಾನೆ, ನಾನು ಅವಳ ಮುಖ ತೊಳೆದ ಕೂಡಲೇ, ಅದೇ ಹಸೀ ಬಟ್ಟೆಯಿಂದ ಇದರ ಮುಖ ತೊಳೆಯುತ್ತಿದ್ದಳು. ಬಲಗೈಯಲ್ಲಿ ಬಟ್ಟೆ ಹಿಡಿದು ತೊಳೆಯುತ್ತಿದ್ದಳು. ಅದಕ್ಕೇ ಈ ಒಂದೇ ಕೆನ್ನೆ ಹಾಗಾಗಿತ್ತು.

ಆಕೆಯು ಬಯ್ಯಲಿಲ್ಲ, ಅಳಲಿಲ್ಲ. ಎದ್ದು ಒಲೆಯ ಕಡೆಗೆ ಹೋದಳು.

ಸತ್ತ ಮಗುವಿನ ಕೈ ಈ ಲೋಕದಲ್ಲಿ ಮಾಡಿದ ಒಂದೇ ಗುರುತು ಉಳಿದಿತ್ತು. ಅದನ್ನು ನಾನು ಐದು ನಿಮಿಷಗಳಲ್ಲಿ ಉಜ್ಜಿ ತೆಗೆದೆನು. ಹೀಗಿರುವಲ್ಲಿ ನಾನು ಮಾಡಿದ್ದು ಪಾಪವೋ, ಕೇವಲ ಕೈತಪ್ಪೋ? ಸೆಮಿನರಿಯಲ್ಲಿ ನಮಗೆ ಕಲಿಸಿದ ಪ್ರಕಾರ, ತಿಳಿಯದೆ ಮಾಡಿದ್ದಕ್ಕೂ ತಿಳಿದು ಮಾಡಿದ್ದಕ್ಕೂ ಭೇದವಿದೆ; ಮೋಶೆಯ ಧರ್ಮಶಾಸ್ತ್ರವೂ ಈ ಭೇದವನ್ನು ಹೇಳಿ, ತಿಳಿಯದೆ ಮಾಡಿದ ಪಾಪಕ್ಕೆ ಬೇರೆ ಬಲಿಯನ್ನು ನೇಮಿಸುವದು. ಆದರೆ ಅದಕ್ಕೂ ಬಲಿ ಬೇಕೇ ಆಯಿತೆಂಬದನ್ನು ನಾನು ಆ ತನಕ ಅಷ್ಟಾಗಿ ಗಮನಿಸಿರಲಿಲ್ಲ. ತಿಳಿಯಲಿಲ್ಲವೆಂಬದು ಉತ್ತರವಾಗಬೇಕಾದರೆ, ತಿಳಿಯುವ ದಾರಿ ನನಗೆ ಮುಚ್ಚಿರಬೇಕಾಗಿತ್ತು. ಮುಚ್ಚಿರಲಿಲ್ಲ. ಹಿರೇಕೆರೂರಿಗೆ ಫೋನು ಮಾಡಿ ಒಂದು ಮಾತು ಕೇಳುವದು ಎಷ್ಟು ಹೊತ್ತಿನ ಕೆಲಸ? ಅಚ್ಚರಿಪಡಿಸಬೇಕೆಂಬ ನನ್ನ ಸಂತೋಷವೇ ಆ ದಾರಿಯನ್ನು ಮುಚ್ಚಿತು. ನಾನು ತಾಯಿಗೆ ಕೊಟ್ಟ ಉಡುಗೊರೆಯಲ್ಲಿ ನನಗೋಸ್ಕರ ಇಟ್ಟುಕೊಂಡ ಪಾಲು ಇದೇ.

ಇದಾದ ಹದಿನೈದು ದಿವಸಗಳ ಮೇಲೆ ಇನ್ನೊಂದು ಸಂಗತಿ ನಡೆಯಿತು. ಮೊದಲನೇದಕ್ಕಿಂತ ಇದನ್ನು ಬರೆಯಲು ನನಗೆ ಹೆಚ್ಚು ನಾಚಿಕೆಯಾಗುವದು. ಸವಣೂರಿನ ಕಡೆಗೆ ಮನೇ ಭೇಟಿಗೆ ಹೋಗಿದ್ದಾಗ, ದಾದಿಯ ಕೆಲಸ ಮಾಡುವ ನಮ್ಮ ಸಹೋದರಿಯೊಬ್ಬಳ ಮುಂದೆ ಗೊಂಬೆಯ ಮಾತು ಬಂತು. ಆಕೆಯು, ಹಳೇ ಎಣ್ಣೇ ಬಣ್ಣಗಳಲ್ಲಿ ಸೀಸವಿರುವ ಸಂಭವ ಬಹಳ, ಮಗುವು ಗೊಂಬೆಯನ್ನು ಬಾಯಲ್ಲಿ ಇಟ್ಟುಕೊಂಡರೆ ಆ ವಿಷವು ಮೈಯಲ್ಲಿ ಸೇರಿ ಬುದ್ಧಿಯ ಬೆಳವಣಿಗೆಯನ್ನು ಕೆಡಿಸುವದು, ಎಷ್ಟು ಸ್ವಲ್ಪವಾದರೂ ಮಕ್ಕಳಿಗೆ ಕ್ಷೇಮವೆನ್ನುವ ಅಳತೆಯೇ ಇಲ್ಲ ಎಂದಳು. ಮನೆಗಳಿಗೆ ಹಚ್ಚುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂದು ನಮ್ಮ ದೇಶದಲ್ಲಿ ನಿಯಮವಾದದ್ದು 2016 ರಲ್ಲಿ, ಅದು ನಡೆಯಲಾರಂಭಿಸಿದ್ದು 2017 ರಲ್ಲಿ. ಗೊಂಬೆಯಾದರೋ 1962 ರದು. ಈ ಮಾತನ್ನು ಕೇಳಿದಾಗ ನನ್ನ ಹೃದಯದಲ್ಲಿ ಹುಟ್ಟಿದ್ದು ಹೆದರಿಕೆಯಲ್ಲ, ಸಂತೋಷ! ನಾನು ಮಾಡಿದ್ದು ಸರಿಯೇ ಆಯಿತು, ಜೀವವುಳ್ಳ ಮಗುವಿನ ಕ್ಷೇಮವು ಸತ್ತ ಮಗುವಿನ ಗುರುತಿಗಿಂತ ದೊಡ್ಡದೆಂದು ತಾಯಿಗೆ ಹೇಳಬಹುದೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದೆನು.

ಆ ಕಾರಣವು ಸುಳ್ಳಾಗಿರಲಿಲ್ಲ. ಆದರೆ ಅದು ನನ್ನ ಕಾರಣವಾಗಿರಲಿಲ್ಲ. ಗೊಂಬೆಯನ್ನು ಉಜ್ಜುವಾಗ ಸೀಸದ ಹೆಸರೂ ನನ್ನ ಮನಸ್ಸಿನಲ್ಲಿ ಇದ್ದಿಲ್ಲ. ಇನ್ನೊಬ್ಬರ ಹೊಲದಲ್ಲಿ ತಿಳಿಯದೆ ಬಾವಿ ತೋಡಿದವನು ಆ ಮೇಲೆ ನೀರು ಬಿತ್ತೆಂದು ಹೊಲದ ಒಡೆಯನಿಗೆ ನ್ಯಾಯ ಹೇಳಬಹುದೋ? ಇದಲ್ಲದೆ ಆ ಕಾರಣವನ್ನು ಪೂರಾ ಕೇಳಿದಾಗ ಅದು ನನ್ನ ಮೇಲೆಯೇ ತಿರುಗಿತು. ಯಾಕಂದರೆ ಆ ಸಹೋದರಿಯು ಮತ್ತೂ ಹೇಳಿದ್ದೇನಂದರೆ, ಹಳೇ ಬಣ್ಣವನ್ನು ಒಣಗಿದ ಹಾಗೆಯೇ ಉಜ್ಜುವದು ಎಲ್ಲಕ್ಕಿಂತಲೂ ಅಪಾಯ. ಹಾರುವ ಧೂಳು ನೆಲದ ಮೇಲೆ ಕೂತು ಮಕ್ಕಳ ಕೈಯಿಂದ ಬಾಯಿಗೆ ಹೋಗುವದು. ನಾನು ಉಜ್ಜಿದ್ದು ಜಗಲಿಯ ಮೇಲೆ; ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಮನೆಗೆ ಬಂದು ಆ ಜಗಲಿಯನ್ನು ಹಸೀ ಬಟ್ಟೆಯಿಂದ ಮೂರು ಸಾರಿ ಒರಸಿದೆನು. ದಾರಿಯಲ್ಲಿ ಜೋಡಿಸಿದ ಮಾತುಗಳನ್ನು ತಾಯಿಯ ಮುಂದೆ ಹೇಳಲಿಲ್ಲ. (ಹಳೇ ಆಟಿಗೆಗಳುಳ್ಳ ತಾಯಂದಿರು ಇಷ್ಟನ್ನು ನೆನಪಿಡಲಿ: ಬಣ್ಣ ಏಳುತ್ತಿರುವ ಹಳೇ ಗೊಂಬೆಯನ್ನು ಸಣ್ಣ ಮಕ್ಕಳ ಬಾಯಿಗೆ ಸಿಗದ ಹಾಗೆ ಇಡಿರಿ, ಧೂಳನ್ನು ಮೆತ್ತಗಿನ ಒಣ ಬಟ್ಟೆಯಿಂದ ಒತ್ತದೆ ತೆಗೆಯಿರಿ, ಉಜ್ಜಬೇಡಿರಿ, ಕಿನ್ನಾಳದ್ದಾದರೆ ನೀರಿನಲ್ಲಿ ಅದ್ದಬೇಡಿರಿ, ಸುಡುಬಿಸಲಿಗೆ ಇಡಬೇಡಿರಿ.)

ಹಾಗಾದರೆ ಹಳೇದನ್ನು ಮುಟ್ಟಲೇಬಾರದೋ? ಇದನ್ನೇ ಯೋಚಿಸುತ್ತಾ ಒಂದು ದಿವಸ ಹಾನಗಲ್ಲಿನ ತಾರಕೇಶ್ವರ ಗುಡಿಯ ಅಂಗಳದಲ್ಲಿ ಕೂತೆನು. ಚಾಲುಕ್ಯರ ಕಾಲದ ಆ ಕಟ್ಟಡವು ಈಗ ಪುರಾತತ್ವ ಇಲಾಖೆಯ ಕೈಕೆಳಗಿದೆ. ಒಳಗೆ ಛಾವಣಿಯಲ್ಲಿ ಕೆತ್ತಿದ ದೊಡ್ಡ ಕಮಲವನ್ನು ನೋಡಲು ದೂರದಿಂದ ಜನರು ಬರುತ್ತಾರೆ. ಆ ಇಲಾಖೆಗೆ ಮುಖ್ಯಸ್ಥರಾಗಿದ್ದ ಸರ್ ಜಾನ್ ಮಾರ್ಷಲರು 1923 ರಲ್ಲಿ ಕೆಲಸಗಾರರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿ, ಹಳೇದನ್ನು ಹೊಸದು ಮಾಡುವದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಕಾಪಾಡುವದೇ ಮೊದಲನೇ ಕರ್ತವ್ಯವೆಂದು ಕಲಿಸಿದರು. 1964 ರಲ್ಲಿ ವೆನಿಸ್ ಪಟ್ಟಣದಲ್ಲಿ ಕೂಡಿದ ಅನೇಕ ದೇಶಗಳ ಪಂಡಿತರೂ, ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದೆಂದು ಒಪ್ಪಿಕೊಂಡರು. ಗೊಂಬೆಯ ಕಣ್ಣು ಬರೆಯುವ ಮೊದಲು ಈ ಬುದ್ಧಿ ನನಗೆ ಬೇಕಾಗಿತ್ತು. ಆದರೂ ಇದು ಎಲ್ಲಾ ಸ್ಥಳಗಳಲ್ಲಿಯೂ ನಡೆಯುವ ಕಟ್ಟಳೆಯಲ್ಲ. ನಮ್ಮ ದೇವಾಲಯದ ಗೋಡೆಗೆ ಪ್ರತಿ ವರುಷ ಸುಣ್ಣ ಹಚ್ಚುತ್ತೇವೆ. ಹೋದ ವರುಷದ ಸುಣ್ಣಕ್ಕೋಸ್ಕರ ಯಾರೂ ಅಳುವದಿಲ್ಲ. ಹಂಚು ಒಡೆದರೆ ಬದಲಿಸುತ್ತೇವೆ. ಗೊಂಬೆಯೂ ನೋಡುವದಕ್ಕಲ್ಲ, ಆಡುವದಕ್ಕೇ ಮಾಡಲ್ಪಟ್ಟದ್ದು. ಅದನ್ನು ಗುಡಿಯ ಕಲ್ಲಿನ ಹಾಗೆ ಕಾಯುವದೂ ಅದಕ್ಕೆ ಮಾಡುವ ಅನ್ಯಾಯವಾಗಬಹುದು. ಆದದರಿಂದ ಪ್ರಶ್ನೆಯು ಹಳೇದೋ ಹೊಸದೋ ಎಂಬದಲ್ಲ. ಈ ಗುರುತು ಯಾರದು, ಅದನ್ನು ತೆಗೆಯಲು ಯಾರನ್ನು ಕೇಳಬೇಕು ಎಂಬದೇ.

ಯೆರೆಮೀಯನು ಕುಂಬಾರನ ಮನೆಗೆ ಇಳಿದು ಹೋಗಿ, ಕೆಟ್ಟ ಪಾತ್ರೆಯನ್ನು ಕುಂಬಾರನು ಮತ್ತೆ ಮುದ್ದೆಮಾಡಿ ತನಗೆ ಬೇಕಾದ ಪಾತ್ರೆಯನ್ನಾಗಿ ಮಾಡಿದ್ದನ್ನು ಕಂಡನು. ಈ ವಚನದ ಮೇಲೆ ನಾನು ಎಷ್ಟೋ ಸಾರಿ ಪ್ರಸಂಗ ಮಾಡಿದ್ದೇನೆ. ಆದರೆ ಅಲ್ಲಿ ಮಣ್ಣೂ ಕುಂಬಾರನದೇ, ತಿಗರಿಯೂ ಕುಂಬಾರನದೇ. ನಾನು ಕುಂಬಾರನಲ್ಲ. ಪ್ರವಾದಿಯಾದ ನಾತಾನನು ದಾವೀದನಿಗೆ ಹೇಳಿದ ಸಾಮ್ಯದಲ್ಲಿ, ಐಶ್ವರ್ಯವಂತನು ಬಡವನ ಒಂದೇ ಕುರಿಮರಿಯನ್ನು ಹಿಡಿದು ತನ್ನ ಅತಿಥಿಗೆ ಅಡಿಗೆ ಮಾಡಿಸಿದನು. ಅತಿಥಿಸತ್ಕಾರವು ಒಳ್ಳೇ ಕೆಲಸವೇ. ಇದಲ್ಲದೆ ನಮ್ಮ ಕರ್ತನು ಸತ್ತವರೊಳಗಿಂದ ಎದ್ದ ಮೇಲೆ ಆತನ ಕೈಗಳಲ್ಲಿ ಮೊಳೆಗಳ ಗುರುತು ಇದ್ದೇ ಇತ್ತು. ಮರಣವನ್ನೇ ಜಯಿಸಿದಾತನಿಗೆ ಆ ಗಾಯಗಳನ್ನು ಮುಚ್ಚುವದು ಕಷ್ಟವೋ? ತಂದೆಯು ತನ್ನ ಮಗನನ್ನು ಹೊಸ ಜೀವಕ್ಕೆ ಎಬ್ಬಿಸಿದಾಗಲೂ ಆ ಗುರುತುಗಳನ್ನು ಅಳಿಸಲಿಲ್ಲ; ತೋಮನು ಆತನನ್ನು ಗುರುತಿಸಿದ್ದೂ ಅವುಗಳಿಂದಲೇ.

ಇಲ್ಲಿಗೆ ಬಂದ ಮೇಲೆ ನನ್ನ ಕೆಲಸದ ವಿಷಯವಾಗಿಯೂ ಒಂದು ಮಾತು ಬರೆಯದೆ ಇರಲಾರೆನು. ಸುಮಾರು ಹದಿನೈದು ವರುಷಗಳ ಹಿಂದೆ, ಹೊಸದಾಗಿ ಉಪದೇಶಿಯಾಗಿ ಹೋದ ಒಂದು ಹಳ್ಳಿಯಲ್ಲಿ, ದೀಕ್ಷಾಸ್ನಾನ ಹೊಂದಿ ಸ್ವಲ್ಪ ಕಾಲವಾಗಿದ್ದ ಒಬ್ಬ ವೃದ್ಧ ಸ್ತ್ರೀಯು ಮೊಮ್ಮಗುವನ್ನು ತೊಟ್ಟಿಲಲ್ಲಿ ತೂಗುತ್ತಾ ಜೋಗುಳ ಹಾಡುತ್ತಿದ್ದಳು. ಅದರ ನುಡಿಗಳಲ್ಲಿ ಎರಡು ಮೂರು ದೇವತೆಗಳ ಹೆಸರುಗಳು ಬಂದವು. ನಾನು ಸೌಮ್ಯವಾಗಿಯೇ, ಅಮ್ಮಾ, ಇದನ್ನು ಬಿಟ್ಟು ನಮ್ಮ ಕೀರ್ತನೆಯೊಂದನ್ನು ಹಾಡಿರಿ ಎಂದು ಹೇಳಿ, ಕೂತು ಒಂದನ್ನು ಕಲಿಸಿಯೂ ಬಂದೆನು. ಆಕೆಯು ವಿಧೇಯಳಾಗಿ ಕಲಿತಳು, ಆರಾಧನೆಯಲ್ಲಿ ಹಾಡಿದಳು. ಆದರೆ ತೊಟ್ಟಿಲ ಬಳಿಯಲ್ಲಿ ಮತ್ತೆ ಹಾಡಲೇ ಇಲ್ಲವೆಂದು ಆಕೆಯ ಸೊಸೆಯು ಬಹು ದಿವಸಗಳ ಮೇಲೆ ನನಗೆ ತಿಳಿಸಿದಳು. ಆ ಜೋಗುಳವನ್ನು ಆಕೆಯು ತನ್ನ ತಾಯಿಯಿಂದ ಕಲಿತಿದ್ದಳಂತೆ. ಅದರಲ್ಲಿ ಎಷ್ಟು ಭಾಗ ವಿಗ್ರಹಭಕ್ತಿ, ಎಷ್ಟು ಭಾಗ ತಾಯಿಯ ಧ್ವನಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆಕೆಯೇ ಆ ಹೆಸರುಗಳನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವ ದಾರಿ ಕಾಣುತ್ತಿದ್ದಳೋ ಏನೋ. ಈಗ ಆಕೆ ಇಲ್ಲ.

ಇದರಿಂದ ಹಳೇದೆಲ್ಲಾ ಇರಲಿ ಎಂದು ನಾನು ಹೇಳುತ್ತೇನೆಂದು ಯಾರೂ ತಿಳುಕೊಳ್ಳಬಾರದು. ಕುಡಿಕತನವನ್ನು ಉಜ್ಜಿಯೇ ತೆಗೆಯಬೇಕು. ಇಂದಿಗೂ ನಮ್ಮ ಕೆಲವು ಸಭೆಗಳಲ್ಲಿ, ಯಾವ ಕೇರಿಯಿಂದ ಬಂದವರು ಯಾವ ಚಾಪೆಯ ಮೇಲೆ ಕೂಡ್ರುವರೆಂಬದು ಬಾಯಿಂದ ಹೇಳದೆಯೇ ನಡೆಯುತ್ತದೆ. ಹೆಣ್ಣು ಕೇಳುವಾಗಲಂತೂ ಬಾಯಿಂದಲೇ ಹೇಳುತ್ತಾರೆ. ಅಂಥ ಬಣ್ಣವನ್ನು ಮರ ಕಾಣುವ ವರೆಗೆ ಕೆರೆದರೂ ನನಗೆ ದುಃಖವಿಲ್ಲ, ಮತ್ತು ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ, ಯಾಕಂದರೆ ಅದು ಒಬ್ಬನು ಇನ್ನೊಬ್ಬನ ಮೇಲೆ ಬಳಿದ ಮಸಿಯೇ ಹೊರತು ಪ್ರೀತಿಯಿಂದ ಆದ ಸವೆತವಲ್ಲ. ಆದರೆ ನನ್ನ ಅನುಭವದಲ್ಲಿ, ನಾವು ಉಪದೇಶಿಗಳು ಹಾಡು, ಹೆಸರು, ಸೀರೆ ಉಡುವ ರೀತಿ, ಹಬ್ಬದ ಅಡಿಗೆ ಇಂಥ ಮೆತ್ತಗಿನ ಸ್ಥಳಗಳಲ್ಲಿ ಬೇಗ ಕೈ ಹಾಕಿದೆವು; ಚಾಪೆಯ ವಿಷಯದಲ್ಲಿ ಬಹಳ ತಾಳ್ಮೆಯುಳ್ಳವರಾದೆವು. ಮೆತ್ತಗಿನದನ್ನು ಉಜ್ಜುವದು ಸುಲಭ.

ಇನ್ನು ಗೊಂಬೆಯ ಮಾತು. ಹಬ್ಬವಾದ ಮೇಲೆ ನಾನು ತಾಯಿಯ ಬಳಿಗೆ ಹೋಗಿ, ಅವ್ವಾ, ನಿನ್ನನ್ನು ಕೇಳದೆ ಮಾಡಿದೆನು, ನನ್ನದು ತಪ್ಪಾಯಿತು ಎಂದೆನು. ಸೀಸದ ಮಾತನ್ನೂ ಹೇಳಿದೆನು, ಆದರೆ ನನ್ನ ಪಕ್ಷಕ್ಕಾಗಿ ಅಲ್ಲ. ಮೊಮ್ಮಗಳ ಕೈಗೆ ಅದನ್ನು ಕೊಡುವದು ಬಿಡುವದು ಆಕೆಯೇ ತೀರಿಸಬೇಕೆಂದು. ಆಕೆಯು ಸ್ವಲ್ಪ ಯೋಚಿಸಿ, ಸೀರೆಯ ಬಣ್ಣ ಹಳೇದೇ ಇದೆಯಲ್ಲಾ, ಹುಡುಗಿಯು ಬಾಯಿಗೆ ಹಾಕಿಕೊಳ್ಳುವ ವಯಸ್ಸು ದಾಟಲಿ ಎಂದಳು. ಮಗಳಿಗೆ ಹುಬ್ಬಳ್ಳಿಯಿಂದ ಚನ್ನಪಟ್ಟಣದ ಒಂದು ಸಣ್ಣ ಗೊಂಬೆಯನ್ನು ತಂದು ಕೊಟ್ಟೆನು. ಅವಳು ಅದರ ತಲೆಗೆ ಎಣ್ಣೆ ಹಚ್ಚಿ ಮಲಗಿಸುತ್ತಾಳೆ.

ಅದೇ ದಿವಸ ತಾಯಿಯು ತಾನಾಗಿ ಪೆಟ್ಟಿಗೆಯಿಂದ ಆ ಬಟ್ಟೆಯ ಗಂಟನ್ನು ತಂದು, ಕೈಯನ್ನು ಹಚ್ಚಬಹುದೋ ನೋಡು ಎಂದಳು. ನಾನು ಡಬ್ಬಿಯ ಅಂಟನ್ನು ತರುತ್ತೇನೆಂದದ್ದಕ್ಕೆ ಬೇಡವೆಂದಳು. ಕಂಬಳಿಯ ನೂಲಿಗೆ ಕುರುಬರು ಹುಣಸೆ ಬೀಜದ ಸರಿ ಹಾಕುವದನ್ನು ಆಕೆ ಚಿಕ್ಕಂದಿನಲ್ಲಿ ನೋಡಿದ್ದಳು. ಹುಣಸೆ ಬೀಜಗಳನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿಯೆಲ್ಲಾ ನೆನೆಯಿಟ್ಟು, ಮುಂಜಾನೆ ಒರಳಲ್ಲಿ ರುಬ್ಬಿ, ನೀರು ಹಾಕಿ ಗಂಜಿಯ ಹಾಗೆ ಕುದಿಸಿದೆವು. ರುಬ್ಬುವವಳು ಆಕೆ, ಬೀಜ ಹಾಕುವವನು ನಾನು. ರುಬ್ಬುತ್ತಾ ಅಕ್ಕನ ವಿಷಯವಾಗಿ ನಾನು ನಲವತ್ತು ವರುಷಗಳಲ್ಲಿ ಕೇಳದಿದ್ದ ಮಾತುಗಳನ್ನು ಹೇಳಿದಳು: ಅವಳಿಗೆ ಮಾವಿನ ಓಟೆಯನ್ನು ನೆಟ್ಟು ದಿನಾ ಅಗೆದು ನೋಡುವ ಅಭ್ಯಾಸವಿತ್ತೆಂದೂ, ಮಳೆಗೆ ಹೆದರುತ್ತಿದ್ದಳೆಂದೂ, ಭಾನುವಾರದ ಶಾಲೆಯಲ್ಲಿ ನಿದ್ದೆ ಮಾಡುತ್ತಿದ್ದಳೆಂದೂ.

ಹತ್ತೀ ಬಟ್ಟೆಯ ಸಣ್ಣ ಚೂರನ್ನು ಅಂಟಿನಲ್ಲಿ ಅದ್ದಿ ಕೀಲಿನ ಸುತ್ತಲೂ ಸುತ್ತಿ, ನೂಲಿನಿಂದ ಕಟ್ಟಿ, ನೆರಳಲ್ಲಿ ನಾಲ್ಕು ದಿವಸ ಒಣಗಿಸಿದೆವು. ಕೈಯು ಸ್ವಲ್ಪ ಸೊಟ್ಟಗೆ ಕೂತಿದೆ. ಬಿಚ್ಚಿ ಮತ್ತೆ ಕಟ್ಟಲೋ ಎಂದು ಕೇಳಿದೆನು. ಇರಲಿ ಬಿಡು ಎಂದಳು. ಅದರ ಮೇಲೆ ಬಣ್ಣ ಹಚ್ಚಲಿಲ್ಲ. ಬಟ್ಟೆಯ ಕಟ್ಟು ಕಾಣುವ ಹಾಗೆಯೇ ಇದೆ. ಕೆನ್ನೆಯ ಮೇಲಿನ ನನ್ನ ಬಣ್ಣವೂ ಹಾಗೆಯೇ ಇದೆ. ಅದನ್ನು ತೆಗೆದರೂ ಕೆಳಗೆ ಈಗ ಇರುವದು ಪುಟ್ಟಿಯೇ.